ಹೆಸರು ಕೂಗದ ಸಾಯಂಕಾಲ

ಮಗಾ,

ನೀನು ಚಾಮರಾಜನಗರದ ಸ್ಟೇಡಿಯಮ್ಮಿನಲ್ಲಿ ಬಾಸ್ಕೆಟ್‌ಬಾಲ್ ತಂಡದ ಆಯ್ಕೆಗೆ ಹೋಗಿ, ಪಟ್ಟಿಯಲ್ಲಿ ಹೆಸರಿಲ್ಲದೆ ವಾಪಸ್ ಬಂದು ಇವತ್ತಿಗೆ ಒಂಬತ್ತು ದಿನ. ಆ ಸಾಯಂಕಾಲ ತೆರಕಣಾಂಬಿ ಕಡೆಯ ಬಸ್ಸಿಳಿದು ನನ್ನ ಮನೆ ಮುಂದೆಯೇ ಹಾದುಹೋದೆ. ಶೂಗಳ ಲೇಸು ಒಂದಕ್ಕೊಂದು ಗಂಟು ಹಾಕಿ ಹೆಗಲ ಮೇಲೆ ಇಳಿಬಿಟ್ಟಿದ್ದೆ, ಕಾಲಲ್ಲಿ ಹವಾಯಿ ಚಪ್ಪಲಿ. ಜಗುಲಿಯ ಮೇಲೆ ನಾನು ಕೂತಿದ್ದೆ. ಕರೆಯಬೇಕು ಅನ್ನಿಸಿದರೂ ಕರೆಯಲಿಲ್ಲ. ಸೋತು ಬಂದವನ ಹತ್ತಿರ ಅವತ್ತೇ ಮಾತಾಡಬಾರದು, ಊಟ ಮಾಡಲಿ, ಎರಡು ದಿನ ಮಲಗಲಿ ಅಂದುಕೊಂಡೆ.

ಆದರೆ ಒಂಬತ್ತು ದಿನ ಜಾಸ್ತಿಯಾಯಿತು. ನಿನ್ನೆ ಸಣ್ಣ ಈರುಳ್ಳಿ ಮೂಟೆ ಇಳಿಸುತ್ತಿದ್ದ ನಿಮ್ಮಪ್ಪ ಸಿಕ್ಕಿದ್ದರು. “ಮೇಷ್ಟ್ರೇ, ಚೆಂಡು ತಗೊಂಡು ಅಟ್ಟಕ್ಕೆ ಎಸೆದವ್ನೆ. ಬೆಳಗ್ಗೆ ಹತ್ತಾದ್ರೂ ಏಳಲ್ಲ” ಅಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಹೆದರಿಕೆ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳಿದರೆ ತಲೆ ತಗ್ಗಿಸಿ “ಹೂಂ ಸಾರ್” ಅಂತೀಯ, ಮಾತು ಕಿವಿಯ ಹೊರಗೇ ನಿಂತುಬಿಡುತ್ತದೆ.

ಮೊದಲು ನನ್ನದೊಂದು ಕಥೆ. ಶಾಲೆಯಲ್ಲಿ ನಿಮಗ್ಯಾರಿಗೂ ಹೇಳಿದವನಲ್ಲ. ನಾನೂ ನಿನ್ನ ವಯಸ್ಸಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದೆ. ಒಂದು ತಂಡದ ಆಯ್ಕೆಗೆ ಹೋಗಿದ್ದೆ, ಯಾವುದು ಅಂತ ಬೇಡ. ಹನ್ನೆರಡು ಹೆಸರು ಓದಿದರು, ಹನ್ನೆರಡನೆಯದು ನನ್ನದೇ ಅಂತ ಎದ್ದು ನಿಂತೂಬಿಟ್ಟಿದ್ದೆ. ನನ್ನದಾಗಿರಲಿಲ್ಲ. ಪ್ಯಾಂಟಿನ ಧೂಳು ಒರೆಸಿಕೊಂಡವನ ಹಾಗೆ ಮಾಡಿ ಕೂತೆ. ಊರಿಗೆ ಬಂದು ಆಟ ಬಿಟ್ಟೆ. ಆರು ವಾರಕ್ಕೆ ಆ ತಂಡದ ಹುಡುಗನೊಬ್ಬನ ಕಣಕಾಲು ಉಳುಕಿ ನನಗೇ ಹೇಳಿಕಳಿಸಿದರು. ಓಡಿಹೋದೆ. ಅಂಕಣದಲ್ಲಿ ಎರಡು ಸಲ ಆ ತುದಿಯಿಂದ ಈ ತುದಿಗೆ ಓಡುವಷ್ಟರಲ್ಲಿ ಏದುಸಿರು ಬಂತು, ಸೊಂಟ ಹಿಡಿದುಕೊಂಡು ಬಗ್ಗಿದೆ. ಆರು ವಾರ ಮುನಿಸಿಕೊಂಡು ಮಲಗಿದವನ ಮೈ ಇನ್ನೇನು ಮಾಡೀತು? ಮಾರನೆಯ ದಿನ ಬೇರೆಯವನನ್ನು ಕರೆಸಿಕೊಂಡರು. ಮೊದಲ ಸಲ ಬಿಟ್ಟದ್ದು ಅವರು, ಎರಡನೆಯ ಸಲ ಕಳೆದುಕೊಂಡದ್ದು ನಾನು. ನಲವತ್ತು ವರ್ಷ ದಾಟಿದರೂ ನನಗೆ ನೋಯುವುದು ಆ ಎರಡನೆಯದು.

ಆ ಆರು ವಾರ ಅಂದೆನಲ್ಲ, ಈಗ ನೀನಿರುವುದು ಅಲ್ಲೇ. ಅದರಲ್ಲಿ ಒಂಬತ್ತು ದಿನ ಆಗಲೇ ಹೋಯಿತು.

ಹೀಗೆ ಹೊರಗುಳಿದ ಕ್ರಿಕೆಟಿಗ ಮಯಾಂಕ್ ಅಗರ್ವಾಲ್ ಹೆಸರು ನಿನಗೆ ನಾನು ಹೇಳಬೇಕಿಲ್ಲ. ನಮ್ಮ ಕರ್ನಾಟಕ ತಂಡದ ನಾಯಕನಾಗಿದ್ದವನು, ಭಾರತಕ್ಕೆ ಟೆಸ್ಟ್ ಆಡಿ ದ್ವಿಶತಕ ಹೊಡೆದವನು. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ಐಪಿಎಲ್ ಹರಾಜು ನಡೆದಾಗ ಅವನನ್ನು ಯಾರೂ ಕೊಳ್ಳಲಿಲ್ಲ. ಲೋಕವೆಲ್ಲ ಟಿ.ವಿ.ಯಲ್ಲಿ ನೋಡುತ್ತಿರುವಾಗ ಹೆಸರು ಕೂಗಿ, ಯಾವ ಮೇಜಿನಿಂದಲೂ ಕೈ ಏಳದೆ, ಮುಂದಿನ ಹೆಸರಿಗೆ ಹೋಗಿಬಿಡುತ್ತಾರೆ. ನಿನ್ನದು ಗೋಡೆಗೆ ಅಂಟಿಸಿದ ಒಂದು ಹಾಳೆ, ಓದಿದವರು ಐವತ್ತು ಜನ. ಅವನದು ಹಾಗಲ್ಲ.

ಆಮೇಲೆ ಅವನೇನು ಮಾಡಿದ ಅನ್ನುವುದು ನನಗೆ ಮುಖ್ಯ. ಒಂದೇ ತಿಂಗಳಲ್ಲಿ ರಾಜ್ಯ ತಂಡಗಳ ವಿಜಯ್ ಹಜಾರೆ ಟ್ರೋಫಿ ಶುರುವಾಯಿತು. ಸಾಲಾಗಿ ಶತಕ ಬಾರಿಸಿದ, ಒಟ್ಟು 600ಕ್ಕೂ ಹೆಚ್ಚು ರನ್ ಮಾಡಿದ, 2025ರ ಜನವರಿಯಲ್ಲಿ ಕರ್ನಾಟಕಕ್ಕೆ ಕಪ್ ತಂದುಕೊಟ್ಟ. ಆಗಲೂ ಐಪಿಎಲ್ ತಂಡಗಳಿಂದ ಕರೆ ಬರಲಿಲ್ಲ. ಫೆಬ್ರವರಿ, ಮಾರ್ಚ್, ಏಪ್ರಿಲ್ ಕಳೆಯಿತು. ಮೇ ತಿಂಗಳಲ್ಲಿ ಆರ್‌ಸಿಬಿಯ ದೇವದತ್ತ ಪಡಿಕ್ಕಲ್ ಗಾಯಗೊಂಡಾಗ ಬದಲಿಗೆ ಇವನನ್ನು ಕರೆದರು. ಮೇ 27ರಂದು ಲಖನೌದಲ್ಲಿ 228ರ ಗುರಿ ಬೆನ್ನಟ್ಟುವಾಗ ಜಿತೇಶ್ ಶರ್ಮಾ ಸಿಡಿಯುತ್ತಿದ್ದರೆ ಇನ್ನೊಂದು ತುದಿಯಲ್ಲಿ 23 ಎಸೆತಕ್ಕೆ 41 ಮಾಡಿ ಔಟಾಗದೆ ನಿಂತವನು ಮಯಾಂಕ್. ಒಂದು ವಾರಕ್ಕೆ, ಜೂನ್ 3ರಂದು, ಆರ್‌ಸಿಬಿ ಹದಿನೆಂಟು ಋತು ಕಾದ ಐಪಿಎಲ್ ಕಪ್ ಬಂದಾಗ ಆಡಿದ ಹನ್ನೊಂದು ಜನರಲ್ಲಿ ಅವನೂ ಒಬ್ಬ. ನಮ್ಮ ಗುಂಡ್ಲುಪೇಟೆಯಲ್ಲಿ ಆ ರಾತ್ರಿ ಪಟಾಕಿ ಹೊಡೆದವರಲ್ಲಿ ನೀನೂ ಇದ್ದೆ, ನಾನು ನೋಡಿದ್ದೇನೆ.

ನವೆಂಬರಿನಿಂದ ಮೇ ತನಕದ ಬೆಳಗುಗಳನ್ನು ಯೋಚನೆ ಮಾಡು. ಅಷ್ಟು ದಿನ ಅವನು ಬ್ಯಾಟನ್ನು ಅಟ್ಟಕ್ಕೆ ಎಸೆದಿದ್ದರೆ ಆ ಫೋನು ಇನ್ನೊಬ್ಬರ ಮನೆಯಲ್ಲಿ ರಿಂಗಾಗುತ್ತಿತ್ತು.

ಆ ಹಜಾರೆ ಫೈನಲ್ಲಿನಲ್ಲಿ ಎದುರು ತಂಡ ವಿದರ್ಭ. ಅದರ ನಾಯಕ ಯಾರು ಗೊತ್ತೆ? ಬೆಂಗಳೂರಿನಲ್ಲಿ ಬೆಳೆದ ನಮ್ಮ ಕರುಣ್ ನಾಯರ್. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303 ಹೊಡೆದವನು. ಅಂಥವನಿಗೆ ಆಮೇಲೆ ಕರ್ನಾಟಕ ತಂಡದಲ್ಲೂ ಜಾಗ ಇಲ್ಲವಾಯಿತು. ಕ್ರಿಕೆಟ್ಟು ತನಗೆ ಇನ್ನೊಂದು ಅವಕಾಶ ಕೊಡಲಿ ಅಂತ 2022ರ ಡಿಸೆಂಬರಿನಲ್ಲಿ ಎಲ್ಲರೂ ಓದುವಂತೆ ಬರೆದುಕೊಂಡ. ಮರುವರ್ಷದ ಐಪಿಎಲ್ ಹರಾಜಿನಲ್ಲೂ ಯಾರಿಗೂ ಬೇಡವಾದ. ಅಷ್ಟರಲ್ಲಾಗಲೇ ವಿದರ್ಭಕ್ಕೆ ಹೋಗಿದ್ದ, ಇಂಗ್ಲೆಂಡಿನ ಕೌಂಟಿಯಲ್ಲೂ ಆಡಿದ್ದ. 2024–25ರ ಹಜಾರೆಯಲ್ಲಿ ಅವನು ಮಾಡಿದ್ದು ಎಂಟು ಇನಿಂಗ್ಸಿನಲ್ಲಿ 779 ರನ್, ಐದು ಶತಕ, ಔಟಾದದ್ದು ಎರಡೇ ಸಲ. ಆ ಋತುವಿನ ರಣಜಿ ಫೈನಲ್ಲಿನಲ್ಲಿ 86 ಮತ್ತು 135 ಹೊಡೆದು ವಿದರ್ಭಕ್ಕೆ ಕಪ್ ಕೊಡಿಸಿದ. ಎಂಟು ವರ್ಷದ ನಂತರ ಮತ್ತೆ ಭಾರತಕ್ಕೆ ಆಡುವ ಅವಕಾಶ ಬಂತು.

ಇಲ್ಲಿಗೆ ನಿಲ್ಲಿಸಿದರೆ ನಿನಗೆ ಸುಳ್ಳು ಹೇಳಿದ ಹಾಗಾಗುತ್ತದೆ. 2025ರ ಜೂನಿನಲ್ಲಿ ಲೀಡ್ಸ್‌ನಲ್ಲಿ ವಾಪಸ್ ಬಂದ ಮೊದಲ ಇನಿಂಗ್ಸಿನಲ್ಲೇ ಸೊನ್ನೆಗೆ ಔಟಾದ. ನಾಲ್ಕು ಟೆಸ್ಟಿನಲ್ಲಿ ಒಂದೇ ಅರ್ಧಶತಕ. ಮುಂದಿನ ಸರಣಿಗೆ ಕೈಬಿಟ್ಟರು. ಅವನು ಮತ್ತೆ ಕರ್ನಾಟಕಕ್ಕೆ ಬಂದು ರಣಜಿ ಆಡುತ್ತಿದ್ದಾನೆ. ಎರಡನೆಯ ಅವಕಾಶ ಬಂದರೂ ಉಳಿಯುತ್ತದೆ ಅಂತೇನಿಲ್ಲ ಮಗಾ. ಬಾರದೆಯೂ ಇರಬಹುದು. ಅದಕ್ಕೇ ನಿನಗೆ ಓದು ಬಿಡಬೇಡ ಅನ್ನುವುದು, ಆಟ ಬಿಡು ಅಂತಲ್ಲ. ಬ್ಯಾಂಕು, ರೈಲ್ವೆ, ಸೇನೆಯ ಬಾಸ್ಕೆಟ್‌ಬಾಲ್ ತಂಡಗಳೇ ನಮ್ಮ ಕಡೆಯ ಎಷ್ಟೋ ಆಟಗಾರರಿಗೆ ಅನ್ನ ಕೊಟ್ಟಿರುವುದು. ವಿಜಯಾ ಬ್ಯಾಂಕಿನ ತಂಡ ಎಂದರೆ ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ದೊಡ್ಡ ಮಾತು. ಅಂಥ ತಂಡಗಳಿಗೆ ಹೋಗುವ ಬಾಗಿಲಲ್ಲಿ ಚೆಂಡಿನ ಜೊತೆಗೆ ಅಂಕಪಟ್ಟಿಯನ್ನೂ ಕೇಳುತ್ತಾರೆ.

ಇನ್ನು ನಿನ್ನ ಆಟದ ವಿಷಯ. ಅಮೆರಿಕದ ಎನ್‌ಬಿಎಯಲ್ಲಿ ಹರಾಜಿಲ್ಲ, ಡ್ರಾಫ್ಟ್ ಇದೆ. ಈಗ ಮೂವತ್ತು ತಂಡ, ಎರಡು ಸುತ್ತು, ಹೆಚ್ಚೆಂದರೆ 60 ಹೆಸರು. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಹೆಸರು 52ನೆಯದಾಗಿ ಕೂಗಿದಾಗ ನಾವೆಲ್ಲ ಕುಣಿದಾಡಿದೆವು, ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಅವನು. ಆದರೆ ಎನ್‌ಬಿಎಯ ಒಂದು ಪಂದ್ಯವೂ ಅವನಿಗೆ ಸಿಗಲಿಲ್ಲ. ಹಿಂದಿನ ವರ್ಷ ಯಾರೂ ಆರಿಸದ ಸಿಮ್ ಭುಲ್ಲರ್, ಕೆನಡಾದಲ್ಲಿ ಹುಟ್ಟಿದ ನಮ್ಮವರ ಮಗ, 2015ರ ಏಪ್ರಿಲಿನಲ್ಲಿ ಸ್ಯಾಕ್ರಮೆಂಟೊ ತಂಡಕ್ಕೆ ಮೂರು ಪಂದ್ಯ ಆಡಿದ. ಪಟ್ಟಿ ಒಂದು ಕಡೆ, ಆಟ ಇನ್ನೊಂದು ಕಡೆ.

ಆದರೆ ನೀನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದವನು ಬೆನ್ ವಾಲೇಸ್. ಅಲಬಾಮಾದ ಬಡ ಹಳ್ಳಿಯವನು, ಹನ್ನೊಂದು ಮಕ್ಕಳಲ್ಲಿ ಹತ್ತನೆಯವನು. ಹುಡುಗನಾಗಿದ್ದಾಗ ಚಾರ್ಲ್ಸ್ ಓಕ್ಲಿ ಎಂಬ ಆಟಗಾರ ನಡೆಸುತ್ತಿದ್ದ ಶಿಬಿರಕ್ಕೆ ಸೇರಲು 50 ಡಾಲರ್ ಬೇಕಾಗಿತ್ತು. ಊರವರಿಗೆ ಕ್ಷೌರ ಮಾಡಿ, ತಲೆಗೆ ಮೂರು ಡಾಲರಿನಂತೆ ಕೂಡಿಸಿ ಹೋದ. ಲೆಕ್ಕ ಹಾಕು, ಹದಿನೇಳು ತಲೆ. 1996ರ ಡ್ರಾಫ್ಟ್‌ನಲ್ಲಿ ಅವನ ಹೆಸರು ಕೂಗಲಿಲ್ಲ. ಅವನ ಸ್ಥಾನದಲ್ಲಿ ಆಡುವವರಿಗೆ ಇರಬೇಕಾದಷ್ಟು ಎತ್ತರ ಇರಲಿಲ್ಲ, ಬುಟ್ಟಿಗೆ ಹಾಕುವ ಕೈಯೂ ಅಷ್ಟಕ್ಕಷ್ಟೇ. ಹದಿನಾರು ಋತು ಆಡಿದ. ಒಂದು ಋತುವಿನಲ್ಲೂ ಪಂದ್ಯಕ್ಕೆ ಸರಾಸರಿ ಹತ್ತು ಅಂಕ ಮಾಡಲಿಲ್ಲ. ಆದರೂ ನಾಲ್ಕು ಸಲ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಾದ. 2004ರ ಫೈನಲ್ಲಿನಲ್ಲಿ ಏಳಡಿ ಮೀರಿದ ಶಕೀಲ್ ಓನೀಲನ ಎದುರು ನಿಂತು ಡೆಟ್ರಾಯಿಟ್‌ಗೆ ಕಪ್ ಗೆದ್ದುಕೊಟ್ಟ. 2021ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಎಲ್ಲರೂ ಬುಟ್ಟಿಗೆ ಹಾಕಲು ಓಡುತ್ತಿದ್ದಾಗ ಅವನು ತಪ್ಪಿದ ಚೆಂಡಿಗೆ ಕಾದು ನಿಂತ.

ನಿನ್ನಲ್ಲಿ ಅದು ಇದೆ. ಬಾಯಿಮಾತಿಗೆ ಹೇಳುತ್ತಿಲ್ಲ. ಹೋದ ತಿಂಗಳು ನಮ್ಮ ಸಿಮೆಂಟ್ ಕೋರ್ಟಿನಲ್ಲಿ ಆಡುವಾಗ ಎಡಮೂಲೆಯಿಂದ ಒಬ್ಬ ಎಸೆದ. ಚೆಂಡು ಕೈಬಿಡುತ್ತಿದ್ದ ಹಾಗೇ ಮಿಕ್ಕವರೆಲ್ಲ ತಲೆಯೆತ್ತಿ ರಿಂಗು ನೋಡುತ್ತಾ ನಿಂತರು. ನೀನು ನೋಡಲಿಲ್ಲ. ಬಲಗಡೆಗೆ ಎರಡು ಹೆಜ್ಜೆ ಹಾಕಿ, ನಿನಗಿಂತ ಗೇಣುದ್ದ ಎತ್ತರದವನಿಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ ಕಾದೆ. ಪಕ್ಕದಿಂದ ಎಸೆದದ್ದು ತಪ್ಪಿದರೆ ಸಾಮಾನ್ಯವಾಗಿ ಆಚೆ ಪಕ್ಕಕ್ಕೇ ಪುಟಿಯುತ್ತದೆ ಅಂತ ನಾನು ನಿನಗೆ ಹೇಳಿಕೊಟ್ಟಿರಲಿಲ್ಲ. ನೀನೇ ಕಂಡುಕೊಂಡಿದ್ದೆ. ಚೆಂಡು ನಿನ್ನ ಕೈಗೇ ಬಂದು ಬಿತ್ತು. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದ ನಾನು ಇದನ್ನು ನೋಡಿದ್ದು ಮೂರೋ ನಾಲ್ಕೋ ಮಕ್ಕಳಲ್ಲಿ. ಆದರೆ ಆಯ್ಕೆಯ ದಿನ ನೀನು ಮಾಡಿದ್ದೇನು? ದೂರದಿಂದ ಎಸೆಯುವುದನ್ನು ತೋರಿಸಲು ಹೋದೆ. ಬೇರೆಯವರದನ್ನು ನೋಡಿ ಹಾಗೆ ಮಾಡಿದೆ ಅಂತ ನಿನ್ನ ಗೆಳೆಯ ಹೇಳಿದ.

ನಿನ್ನನ್ನು ಬಿಟ್ಟದ್ದಕ್ಕೆ ಅದೇ ಕಾರಣವೋ ಅಲ್ಲವೋ, ಗೊತ್ತಿಲ್ಲ. ಬೇಡ ಅಂದರೆ ಯಾಕೆ ಬೇಡ ಅಂತ ಕೇಳಿ ತಿಳಿಯಬೇಕು. ತರಕಾರಿ ಮಾರುವವರ ಮನೆಯ ಹುಡುಗ ನೀನು, ನಿನಗಿದು ಅರ್ಥವಾಗುತ್ತದೆ. ರಾತ್ರಿ ಒಂಬತ್ತಕ್ಕೆ ಕೇರಳದ ಕಡೆಯ ಕಾಡುದಾರಿಯ ಮದ್ದೂರು ಚೆಕ್‌ಪೋಸ್ಟು ಮುಚ್ಚುತ್ತದೆ, 2009ರಿಂದ ಹೀಗೇ. ಎಂಟು ಗಂಟೆಯಾದ ಮೇಲೆ ಕೇರಳದ ಲಾರಿಯವನು ನಿಮ್ಮಪ್ಪನ ಬೀನ್ಸನ್ನು ಬೇಡ ಅಂದರೆ ಬೀನ್ಸು ಕೆಟ್ಟಿದೆ ಅಂತಲ್ಲ, ಕಾಡು ದಾಟಲು ಹೊತ್ತಿಲ್ಲ ಅಂತ. ನಿಮ್ಮಪ್ಪ ಅದನ್ನು ಕೇಳಿ ತಿಳಿದುಕೊಳ್ಳುತ್ತಾರೆ, ನಾಳೆ ನಾಲ್ಕಕ್ಕೇ ಬರುತ್ತಾರೆ. ಕೆಲವು ಸಲ ಬೀನ್ಸು ನಿಜವಾಗಿಯೂ ಬಲಿತಿರುತ್ತದೆ. ಅದನ್ನೂ ಕೇಳಿಯೇ ತಿಳಿಯಬೇಕು. ಎತ್ತರ ಸಾಲದು ಅಂದರೋ, ಓಟ ನಿಧಾನ ಅಂದರೋ, ನಿನ್ನ ಸ್ಥಾನಕ್ಕೆ ಆಗಲೇ ಮೂವರಿದ್ದರೋ? ಮೊದಲನೆಯದು ನನ್ನ ಕೈಲೂ ಆಗದು, ನಿನ್ನ ಕೈಲೂ ಆಗದು. ಎರಡನೆಯದಕ್ಕೆ ನಮಗೆ ಒಂದು ವರ್ಷ ಸಾಕು. ಮೂರನೆಯದಕ್ಕೆ ನೀನು ಸಿದ್ಧನಾಗಿ ಕಾಯಬೇಕು.

ನಮ್ಮ ಕಡೆಯವರನ್ನು ಯಾರು ಕೇಳುತ್ತಾರೆ ಅಂತ ಮನೆಯಲ್ಲಿ ಅಂದೆಯಂತೆ. ಆ ಮಾತು ನನಗೆ ಹಿಡಿಸಲಿಲ್ಲ. ಪಕ್ಕದ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ತಂಡದಲ್ಲಿದ್ದಳು, ಫೈನಲ್ಲಿನಲ್ಲಿ ಮಿಂಚಿದಳು. ಅವಳ ಊರೂ ನಮ್ಮೂರಿನಂಥದ್ದೇ.

ನನ್ನನ್ನು ಯಾಕೆ ಬಿಟ್ಟರು ಅಂತ ನಾನು ಕೇಳಲೇ ಇಲ್ಲ. ಕೇಳಿದರೆ ಕೀಳಾಗುತ್ತೇನೆ ಅಂದುಕೊಂಡೆ. ಇವತ್ತಿಗೂ ನನಗದು ಗೊತ್ತಿಲ್ಲ, ಹೇಳಬಹುದಾಗಿದ್ದವರು ಈಗ ಬದುಕಿಲ್ಲ.

ಸೋಮವಾರ ಬೆಳಗ್ಗೆ ಚಾಮರಾಜನಗರಕ್ಕೆ ಹೋಗೋಣ. ನಾನೂ ಬರುತ್ತೇನೆ, ಆದರೆ ಸ್ಟೇಡಿಯಮ್ಮಿನ ಗೇಟಿನವರೆಗೆ ಮಾತ್ರ. ಒಳಗೆ ನೀನೊಬ್ಬನೇ ಹೋಗಿ ಕೋಚ್‌ಗೆ ನಮಸ್ಕಾರ ಹೇಳಿ, “ಸಾರ್, ನನ್ನಲ್ಲಿ ಏನು ಕಡಿಮೆ ಬಿತ್ತು?” ಅಂತ ಕೇಳು. ಅವರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೋ, ವಾದ ಮಾಡಬೇಡ. ಹೊರಗೆ ಹಣ್ಣಿನ ಗಾಡಿಯ ಹತ್ತಿರ ನಾನು ನಿಂತಿರುತ್ತೇನೆ. ಬೆಳಗ್ಗೆ ನನ್ನ ಮನೆಗೆ ಬರುವಾಗ ಅಟ್ಟದಿಂದ ಚೆಂಡು ಇಳಿಸಿಕೊಂಡು ಬಾ. ಇಷ್ಟು ದಿನಕ್ಕೆ ಗಾಳಿ ಹೋಗಿರುತ್ತದೆ, ಪಂಪು ನನ್ನ ಹತ್ತಿರ ಇದೆ.