ಮರದ ಮನವರಿತ ಬಡಗಿ

ನಾವು ನಿತ್ಯವೂ ಕುಳಿತು ಪಾಠ ಕೇಳುವ ಬೆಂಚು ಒಂದು ಕಾಲಕ್ಕೆ ಎಲೆ ತಳೆದು ನಿಂತಿದ್ದ ಮರವೆಂಬುದನ್ನು ನಾವು ಮರೆತೇಬಿಟ್ಟಿರುತ್ತೇವೆ. ಅದನ್ನು ಮರೆಯದವನೇ ನಿಜವಾದ ಬಡಗಿ. ಶಿಲ್ಪದ ಮಾತು ಬಂದಾಗ ಕನ್ನಡಿಗರು ಜಕಣಾಚಾರಿಯನ್ನು ನೆನೆಯುವಂತೆ, ಮರಗೆಲಸದ ಮಾತು ಬಂದಾಗ ಮಲೆಯಾಳಿಗಳು ಪೆರುಂತಚ್ಚನನ್ನು ನೆನೆಯುತ್ತಾರೆ. ಆ ನಾಡಿನ ಮರಗೆಲಸದಿಂದ ನಾವು ಕಲಿಯತಕ್ಕುದು ಬಹಳವಿದೆ.

ತಿರುವಾಂಕೂರಿನ ಅರಸರು ೧೭೯೫ರಲ್ಲಿ ತಿರುವನಂತಪುರಕ್ಕೆ ಬರುವ ಮೊದಲು ಪದ್ಮನಾಭಪುರದಲ್ಲಿ ನೆಲೆಸಿದ್ದರು. ಅಲ್ಲಿನ ಮರದ ಅರಮನೆ ಇಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿದ್ದರೂ ಅದರ ಪಾಲನೆ ಕೇರಳ ಸರಕಾರದ್ದು. ಮುಂಭಾಗದ ಚಾವಡಿಯ ಚಾವಣಿಯಲ್ಲಿ ತೊಂಬತ್ತು ಬಗೆಯ ಹೂಗಳು ಅರಳಿವೆ. ಅದರಡಿಯಲ್ಲಿ ಕುದುರೆ ಸವಾರನ ರೂಪದ ಲೋಹದ ತೂಗುದೀಪವಿದೆ. ತಿರುವನಂತಪುರದಲ್ಲಿ ಸ್ವಾತಿ ತಿರುನಾಳ್ ಮಹಾರಾಜರು ಕಟ್ಟಿಸಿದ ಕುದಿರಮಾಳಿಗೆಯ ಸೂರಿನಡಿ ೧೨೨ ಮರದ ಕುದುರೆಗಳು ಸಾಲುಗಟ್ಟಿವೆ. ಕೊಚ್ಚಿಯ ಮಟ್ಟಾಂಚೇರಿ ಅರಮನೆಯಲ್ಲಿಯೂ ಕೆತ್ತನೆಯ ಮರದ ಚಾವಣಿಯನ್ನು ಕಾಣಬಹುದು.

ಮರದಲ್ಲಿ ಪ್ರಕೃತಿಯನ್ನು ಕೆತ್ತುವುದು ಒಂದು ದಾರಿ. ಮರದಲ್ಲಿರುವ ಪ್ರಕೃತಿಯನ್ನು ಕೆಡಿಸದೆ ಉಳಿಸುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಹೆಸರಾದವರು ಅಮೆರಿಕದಲ್ಲಿ ಹುಟ್ಟಿದ ಜಪಾನೀ ವಂಶದ ಜಾರ್ಜ್ ನಕಾಶಿಮ (೧೯೦೫–೧೯೯೦). ೧೯೩೦ರ ದಶಕದಲ್ಲಿ ಅವರು ಪುದುಚೇರಿಯ ಅರವಿಂದಾಶ್ರಮದಲ್ಲಿ ಕೆಲಸ ಮಾಡಿದ್ದರು. ಹಲಗೆಯ ಅಂಚನ್ನು ನೇರವಾಗಿ ಕೊಯ್ಯದೆ, ಮರ ಬೆಳೆದ ಡೊಂಕನ್ನೇ ಅವರು ಮೇಜಿನ ಅಂಚಾಗಿ ಉಳಿಸಿದರು. ಸೀಳಿದ ಹಲಗೆಯನ್ನು ಎಸೆಯದೆ, ಚಿಟ್ಟೆಯಾಕಾರದ ಮರದ ತುಂಡನ್ನು ಸೀಳಿಗೆ ಅಡ್ಡಲಾಗಿ ಕೂರಿಸಿ ಬಿಗಿದರು. ಇಂದು ಒರಟು ಸೊಬಗಿನ ಪೀಠೋಪಕರಣ ಮಾಡುವವರು ಹಿಡಿದಿರುವುದೂ ಇದೇ ದಾರಿಯನ್ನೇ.

ನೋಡಲು ಇದು ಸುಲಭ; ಮಾಡಲು ಬಹಳ ತಾಳ್ಮೆ ಬೇಕು. ಹಸಿ ಮರದಲ್ಲಿ ನೀರು ತುಂಬಿರುತ್ತದೆ. ಅದು ಆರುವಾಗ ಮರ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಕುಗ್ಗುವುದು ಹೆಚ್ಚು. ಅಡ್ಡಕ್ಕೂ ಎಲ್ಲ ಕಡೆ ಒಂದೇ ಸಮನಾಗಿ ಕುಗ್ಗದು. ಆದುದರಿಂದಲೇ ಅವಸರದಲ್ಲಿ ಒಣಗಿಸಿದ ಹಲಗೆ ಬಾಗುತ್ತದೆ, ಸೀಳುತ್ತದೆ. ಒಂದಂಗುಲ ದಪ್ಪದ ಹಲಗೆಗೆ ಸುಮಾರು ಒಂದು ವರ್ಷದ ನೆರಳು ಬೇಕೆಂಬುದು ಬಡಗಿಗಳ ಅಂದಾಜು. ಕೊಚ್ಚಿಯಂತಹ ಕಡಲತೀರದಲ್ಲಿ ಒಣಗಿದ ಮರವೂ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದುದರಿಂದ ಜಾಣ ಬಡಗಿ ಮೇಜಿನ ಹಲಗೆಯನ್ನು ಚೌಕಟ್ಟಿಗೆ ಅಲುಗದಂತೆ ಬಿಗಿಯುವುದಿಲ್ಲ. ಅದು ಸರಿದಾಡಲು ಎಡೆಗೊಡುತ್ತಾನೆ. ಮರದೊಡನೆ ಹಟ ಮಾಡಿ ಗೆದ್ದವರಿಲ್ಲ.

ದೀಪಗಳ ಮಾತೂ ಹೀಗೆಯೇ. ಕೇರಳದ ಕುಶಲಕರ್ಮಿಗಳು ತೆಂಗಿನ ಕರಟವನ್ನು ಉಜ್ಜಿ ನುಣುಪುಗೊಳಿಸಿ, ತೂತು ಕೊರೆದು ದೀಪದ ಮುಸುಕನ್ನಾಗಿ ಮಾಡುತ್ತಾರೆ. ಹಳೆಯ ತಂತಿಯ ಬಲ್ಬು ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಹೊರಗೆಡಹುತ್ತಿದ್ದಿತು. ಇಂದಿನ ಎಲ್‌ಇಡಿ ದೀಪದ ಬಿಸಿ ಬಹಳ ಕಡಮೆಯಾದುದರಿಂದ ಕರಟ, ಬೇರು, ಬಿದಿರುಗಳ ನಡುವೆ ದೀಪವಿರಿಸುವುದು ಸುಲಭವಾಗಿದೆ.

ಆದರೆ ಮರ ಎಲ್ಲಿಂದ ಬರಬೇಕು? ಹಡಗುಗಳಿಗಾಗಿ ಮಲಬಾರಿನ ತೇಗವನ್ನು ಕಡಿದು ಕಡಿದು ಕಾಡು ಬರಿದಾದಾಗ, ೧೮೪೦ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗದ ತೋಪನ್ನು ನೆಡಬೇಕಾಯಿತು. ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (೧೯೧೭–೨೦೦೭) ಕೆಡವಿದ ಮನೆಗಳ ಹಳೆಯ ಮರವನ್ನು ಹೊಸ ಮನೆಗಳಿಗೆ ಬಳಸಿ ಬೇರೊಂದು ದಾರಿಯನ್ನು ತೋರಿಸಿದರು. ಗಾಳಿಗೆ ಉರುಳಿದ ಹಲಸು, ಮುರಿದ ಬಾಗಿಲಿನ ತೇಗ, ಒಲೆಗೆ ಹೋಗಬೇಕಾದ ಬೇರು, ಇವೆಲ್ಲ ಬಡಗಿಯ ಕೈಯಲ್ಲಿ ಎರಡನೆಯ ಬಾಳನ್ನು ಪಡೆಯಬಲ್ಲವು.

ಒಂದು ತೇಗ ಚೇಗುಗಟ್ಟಿ ಬಲಿಯಲು ನಮ್ಮ ಆಯುಷ್ಯದ ಬಹುಭಾಗವೇ ಬೇಕು. ಅದನ್ನು ಉರುಳಿಸಲು ಒಂದು ಗಳಿಗೆ ಸಾಕು. ಬೆಂಚಿನ ಮೇಲೆ ಹೆಸರು ಕೊರೆಯಲು ಕೈವಾರವನ್ನೆತ್ತುವ ಮೊದಲು ನಾವು ಇದನ್ನು ನೆನೆಯೋಣ. ಅದರ ಎಳೆಗಳನ್ನು ಒಮ್ಮೆ ನಿಟ್ಟಿಸಿ ನೋಡೋಣ; ಆ ಮರ ಕಂಡ ಮಳೆಗಾಲಗಳ ಲೆಕ್ಕ ಅಲ್ಲಿಯೇ ಬರೆದಿದೆ.