ಹಳೇ ಟ್ಯೂಬ್ ತೆಗೆಯಿರಿ, ಪ್ಲೇಟ್ ಉಳಿಸಿಕೊಳ್ಳಿ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟೇ ಉರುವಲು. ಅದರ ಬೂದಿಯಲ್ಲಿ ಬಹುಪಾಲು ಸಿಲಿಕಾ. ಹೊಗೆಯ ಜತೆ ಓಡುವ ಈ ಬೂದಿ ಟ್ಯೂಬಿನ ಒಳಮೈಯನ್ನು ಉಜ್ಜಿ ಉಜ್ಜಿ ಸವೆಸುತ್ತದೆ. ಹೊರಮೈಗೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟುತ್ತದೆ. ಟ್ಯೂಬ್ ಹೋಗುವುದು ಸಹಜ, ಹೊಸದು ಹಾಕಿದರಾಯಿತು. ಆದರೆ ಟ್ಯೂಬ್ ತೆಗೆಯಲು ಹೋಗಿ, ಅದರ ತುದಿಗಳು ಕೂರುವ ಟ್ಯೂಬ್ ಪ್ಲೇಟನ್ನೇ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಕಾಗದಪತ್ರ. 1923ರ ಕಾಯ್ದೆಯ ಜಾಗಕ್ಕೆ 2025ರ ಬಾಯ್ಲರ್ ಕಾಯ್ದೆ ಬಂದಿದೆ; ಅನುಮತಿ ಪಡೆದೇ ರಿಪೇರಿ ಮಾಡಬೇಕೆಂಬುದು ಮಾತ್ರ ಬದಲಾಗಿಲ್ಲ. ಮಾನ್ಯತೆ ಪಡೆದ ರಿಪೇರಿದಾರರು, ಸರ್ಟಿಫಿಕೇಟ್ ಇರುವ ವೆಲ್ಡರ್ ಇದ್ದರಷ್ಟೇ ಕೆಲಸ ಶುರು ಮಾಡಿಸಿ.

ಬಾಯ್ಲರ್ ತಾನಾಗಿಯೇ ತಣಿಯಲಿ, ತಣ್ಣೀರು ಬಿಟ್ಟು ಅವಸರ ಮಾಡಬೇಡಿ. ನೀರು ಖಾಲಿ ಮಾಡಿ, ಮ್ಯಾನ್‌ಹೋಲ್ ತೆಗೆದು ಗಾಳಿಯಾಡಿಸಿ. ಪಕ್ಕದಲ್ಲಿ ಇನ್ನೊಂದು ಬಾಯ್ಲರ್ ಓಡುತ್ತಿದ್ದರೆ ಸ್ಟೀಮ್ ಲೈನಿಗೆ ದಾರಿ ಮುಚ್ಚುವ ಬ್ಲಾಂಕ್ ಹಾಕಿ. ವಾಲ್ವ್ ಮುಚ್ಚಿದೆಯಲ್ಲ ಎಂದು ನಂಬಿ ಒಳಗೆ ಇಳಿಯಬೇಡಿ. ಒಳಗೆ 24 ವೋಲ್ಟ್ ದೀಪ, ಹೊರಗೆ ಕಾಯಲು ಒಬ್ಬ ಆಳು. ತೆಗೆಯಬೇಕಾದ ಟ್ಯೂಬುಗಳಿಗೆ ಎರಡೂ ಕಡೆ ಗುರುತು ಹಾಕಿ. ನಡುನಡುವೆ ದಪ್ಪ ಗೋಡೆಯ ಟ್ಯೂಬ್ ಕಂಡರೆ ಅದು ಸ್ಟೇ ಟ್ಯೂಬ್. ಎರಡು ಪ್ಲೇಟುಗಳನ್ನು ಹಿಡಿದಿಟ್ಟಿರುವುದು ಅದೇ. ಅದರ ಜಾಗಕ್ಕೆ ತೆಳ್ಳನೆಯದು ಹಾಕುವಂತಿಲ್ಲ.

ಇನ್ನು ವೆಲ್ಡಿಂಗ್ ಬಿಡಿಸುವುದು. ಹತ್ತರಲ್ಲಿ ಒಂಬತ್ತು ಜನ ಗ್ಯಾಸ್ ಕಟರ್ ಎತ್ತಿಕೊಳ್ಳುವುದು ಇಲ್ಲೇ. ‘ಹತ್ತು ನಿಮಿಷದ ಕೆಲಸ ಸರ್’ ಎನ್ನುತ್ತಾರೆ. ಜ್ವಾಲೆ ಒಂದಿಷ್ಟು ಜಾರಿದರೂ ಪ್ಲೇಟಿನ ತೂತಿನ ಅಂಚು ಕರಗಿ ಹೋಗುತ್ತದೆ. ಅದನ್ನು ವೆಲ್ಡ್ ತುಂಬಿ ಮುಚ್ಚುತ್ತಾರೆ. ಎರಡು ತೂತುಗಳ ನಡುವಿನ ಸಣ್ಣ ಪಟ್ಟಿ ಮತ್ತೆ ಮತ್ತೆ ಕಾದು, ತಣಿದು, ಬಿರುಕು ಬಿಡುತ್ತದೆ. ಒಂದು ಗಿರಣಿಯಲ್ಲಿ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಆರು ತೂತಿನ ಅಂಚು ಇಲಿ ಕಡಿದ ರೊಟ್ಟಿಯಂತಾಗಿತ್ತು. ಮಾಲೀಕರು ಕೊನೆಗೆ ಪ್ಲೇಟನ್ನೇ ಬದಲಿಸಬೇಕಾಯಿತು. ಗುತ್ತಿಗೆ ಮಾತಾಡುವಾಗಲೇ ‘ಪ್ಲೇಟಿನ ಹತ್ತಿರ ಗ್ಯಾಸ್ ಇಲ್ಲ’ ಎಂದು ಬರೆಸಿಕೊಳ್ಳಿ.

ಸರಿಯಾದ ದಾರಿ ನಿಧಾನದ್ದು. ಹೊರಚಾಚಿದ ತುದಿಯನ್ನೂ ವೆಲ್ಡನ್ನೂ ಗ್ರೈಂಡರಿನಿಂದ ಪ್ಲೇಟಿನ ಮಟ್ಟಕ್ಕೆ ಸವೆಸಿ. ಆಮೇಲೆ ಸಣ್ಣ ಕಲ್ಲಿನ ಡೈ ಗ್ರೈಂಡರ್ ಹಿಡಿದು, ಪ್ಲೇಟಿಗೆ ತಾಗಿಸದೆ, ಉಳಿದ ವೆಲ್ಡನ್ನು ಟ್ಯೂಬಿನ ಕಡೆಯಿಂದ ತಿನ್ನುತ್ತಾ ಹೋಗಿ. ಟ್ಯೂಬಿಗೂ ಪ್ಲೇಟಿಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಸುತ್ತಲೂ ಕಂಡಿತೇ? ವೆಲ್ಡ್ ಬಿಟ್ಟಿದೆ, ನಿಲ್ಲಿಸಿ. ಒಂದು ಕಡೆ ಕಾಣದಿದ್ದರೂ ಅಲ್ಲಿ ಇನ್ನೂ ಹಿಡಿದಿದೆ ಎಂದೇ ಲೆಕ್ಕ.

ಈಗ ಮೂತಿ ದುಂಡಗಿರುವ ಚಾಣದಿಂದ ಟ್ಯೂಬಿನ ಗೋಡೆಯಲ್ಲಿ, ಪ್ಲೇಟಿನ ದಪ್ಪದಷ್ಟು ಉದ್ದಕ್ಕೆ ಕಾಲುವೆ ತೋಡಿ. ಪೂರ್ತಿ ಕತ್ತರಿಸಬೇಡಿ, ಕೊನೆಯ ತೆಳುಪೊರೆ ಉಳಿಯಲಿ. ಆಮೇಲೆ ಟ್ಯೂಬಿನ ಅಂಚನ್ನು ಒಳಕ್ಕೆ ಮಡಚಿ, ಪೊರೆ ತಾನೇ ಸೀಳುತ್ತದೆ. ಚಾಣ ಪೊರೆ ದಾಟಿದರೆ ತೂತಿನ ಒಳಮೈಗೆ ಉದ್ದುದ್ದ ಗೀರು ಬೀಳುತ್ತದೆ. ಅಡ್ಡ ಗೀರಾದರೆ ಹೊಸ ಟ್ಯೂಬ್ ಹಿಗ್ಗಿಸಿದಾಗ ಮುಚ್ಚೀತು. ಉದ್ದ ಗೀರು ನೀರಿನ ಕಡೆಯಿಂದ ಬೆಂಕಿಯ ಕಡೆಗೆ ನೇರ ದಾರಿ.

ಎರಡೂ ತುದಿ ಸಡಿಲವಾದ ಮೇಲೆ ಟ್ಯೂಬ್ ಎಳೆಯಿರಿ. ಸುಣ್ಣ ಕಟ್ಟಿದ ಟ್ಯೂಬ್ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ಸುತ್ತಿಗೆ ಬೇಡ, ಮೆಲ್ಲಗೆ ತಟ್ಟಿ ಚಕ್ಕೆ ಉದುರಿಸಿ. ತಳದಲ್ಲಿ ಬಿದ್ದ ಚಕ್ಕೆಯನ್ನೆಲ್ಲ ಬಳಿದು ತೆಗೆಯಿರಿ, ಇಲ್ಲದಿದ್ದರೆ ಬ್ಲೋಡೌನ್ ಕೊಳವೆ ಕಟ್ಟಿಕೊಳ್ಳುತ್ತದೆ.

ತೂತುಗಳನ್ನು ಎಮರಿಯಿಂದ ಒರೆಸಿ, ವರ್ನಿಯರಿನಿಂದ ಅಡ್ಡಕ್ಕೂ ಉದ್ದಕ್ಕೂ ಅಳೆದು, ಬಣ್ಣದ ದ್ರವ ಹಚ್ಚಿ ಬಿರುಕು ನೋಡಿ. ಹೊಸ ಟ್ಯೂಬ್, ಎಕ್ಸ್‌ಪ್ಯಾಂಡರ್, ವೆಲ್ಡಿಂಗ್ ಆಮೇಲಿನ ಮಾತು. ಕೊನೆಗೆ ಬಾಯ್ಲರ್ ಇನ್ಸ್‌ಪೆಕ್ಟರರ ಎದುರಿನಲ್ಲಿ, ಅವರು ಹೇಳಿದ ಒತ್ತಡದಲ್ಲಿ ನೀರಿನ ಪರೀಕ್ಷೆ. ಅದು ಪಾಸಾಗುವ ತನಕ ಒಲೆಗೆ ಬೆಂಕಿ ಹಾಕಬೇಡಿ.