ಸಾಹಸದಾಚೆಯ ಪಾವೆಲ್: ಜೀವನಚರಿತ್ರೆಯಿಂದ ಭೂಗೋಳ ಪಾಠ

ವಿಜ್ಞಾನಿಯ ಜೀವನಚರಿತ್ರೆಯನ್ನು ಪಾಠಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಹಲವು ಬಾರಿ ಸಾಹಸದ ಭಾಗದಲ್ಲೇ ನಿಂತುಬಿಡುತ್ತಾರೆ. ಜಾನ್ ವೆಸ್ಲಿ ಪಾವೆಲ್ (1834–1902) ಅವರ ವಿಷಯದಲ್ಲಿ ಈ ಸೆಳೆತ ಇನ್ನೂ ಹೆಚ್ಚು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಶೈಲೋ ಕದನದಲ್ಲಿ, ಬಲಗೈ ಕಳೆದುಕೊಂಡ ಇವರು 1869ರಲ್ಲಿ ಕೊಲೊರಾಡೊ ನದಿಯ ಕಮರಿಗಳ ಮೂಲಕ ದೋಣಿಯಲ್ಲಿ ಸಾಗಿದರು. ಮಕ್ಕಳು ಮೈಮರೆತು ಕೇಳುತ್ತಾರೆ, ನಿಜ. ಆದರೆ ಅವರು ಕಲಿತದ್ದೇನು? ಪಾಠ ವೀಕ್ಷಣೆಯಲ್ಲಿ ನಾನು ಹುಡುಕುವುದು ಇದನ್ನೇ. ಪಾವೆಲ್ ನಮ್ಮ ವೃತ್ತಿಯವರು ಕೂಡ: ಮೊದಲು ಶಾಲಾ ಶಿಕ್ಷಕ, ಯುದ್ಧದ ಬಳಿಕ ಇಲಿನಾಯ್‌ನಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕ. ಇವರ ಬದುಕನ್ನು ಮೂರು ಪ್ರಶ್ನೆಗಳ ಸುತ್ತ ಕಟ್ಟಲು ನಾನು ಸೂಚಿಸುತ್ತೇನೆ.

ಒಂದು: ಒಡೆದ ದೋಣಿಯಿಂದ ವಾಯುಭಾರಮಾಪಕಗಳನ್ನೇಕೆ ತಂದರು? 1869ರ ಮೇ 24ರಂದು ಹತ್ತು ಜನ, ನಾಲ್ಕು ದೋಣಿಗಳಲ್ಲಿ ಗ್ರೀನ್ ನದಿಯಿಂದ ಹೊರಟರು. ಜೂನ್‌ನಲ್ಲಿ ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಅಪಾಯ ಲೆಕ್ಕಿಸದೆ ತಂಡದವರು ಅದರೊಳಗಿನ ವಾಯುಭಾರಮಾಪಕಗಳನ್ನು ಉಳಿಸಿ ತಂದರು. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆ. ಒತ್ತಡ ಅಳೆದರೆ ನಿಂತ ಜಾಗದ ಎತ್ತರ ತಿಳಿಯುತ್ತದೆ. ಆಗ ನದಿ ಇನ್ನೆಷ್ಟು ಇಳಿಯಬೇಕೆಂದು ಅಂದಾಜಿಸಬಹುದು. ಉತ್ತರವನ್ನು ನಾವೇ ಹೇಳಿಬಿಡದೆ ಮಕ್ಕಳಿಂದ ಹೊರಡಿಸಬೇಕು.

ಎರಡು: ನದಿ ಬೆಟ್ಟವನ್ನು ಬಳಸಿ ಹೋಗದೆ ಸೀಳಿದ್ದೇಕೆ? ನದಿ ಮೊದಲೇ ಇತ್ತು, ನೆಲ ಆಮೇಲೆ ನಿಧಾನವಾಗಿ ಮೇಲೆದ್ದಿತು ಎಂಬುದು ಪಾವೆಲ್ ಅವರ ವಿವರಣೆ. ನದಿ ಗರಗಸವಿದ್ದಂತೆ, ಅದು ಇದ್ದಲ್ಲೇ ಕೊಯ್ಯುತ್ತಿರುತ್ತದೆ, ದಿಮ್ಮಿ ಮೇಲೇರುತ್ತದೆ. ತರಗತಿಯಲ್ಲಿ ಇದಕ್ಕೆ ನೂಲು, ಹಸಿ ಜೇಡಿಮಣ್ಣು ಸಾಕು. ಇಬ್ಬರು ನೂಲನ್ನು ಬಿಗಿಹಿಡಿದು ಒಂದೇ ಎತ್ತರದಲ್ಲಿ ಹಿಂದೆಮುಂದೆ ಎಳೆಯಲಿ. ಮತ್ತೊಬ್ಬರು ಮಣ್ಣಿನ ಮುದ್ದೆಯನ್ನು ಕೆಳಗಿನಿಂದ ಮೆಲ್ಲಗೆ ಎತ್ತಲಿ. ಕಮರಿ ಕಣ್ಣೆದುರೇ ಮೂಡುತ್ತದೆ. ಪಾವೆಲ್ ಈ ವಿವರಣೆ ಕೊಟ್ಟ ಯುಯಿಂಟಾ ಪರ್ವತಗಳ ಮಟ್ಟಿಗೆ ಮುಂದಿನ ಭೂವಿಜ್ಞಾನಿಗಳು ಅದನ್ನು ಪ್ರಶ್ನಿಸಿದರು. ಆದರೂ ಹಿಮಾಲಯವನ್ನು ಸೀಳಿ ಬರುವ ಸಿಂಧೂ, ಸಟ್ಲೆಜ್ ನದಿಗಳನ್ನು ಇದೇ ಪರಿಕಲ್ಪನೆಯಿಂದ ವಿವರಿಸುತ್ತೇವೆ. ವಿಜ್ಞಾನ ಮುನ್ನಡೆಯುವ ರೀತಿಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು.

ಮೂರು: ತಂಡ ಬಿಟ್ಟ ಮೂವರು ಹೇಡಿಗಳೇ? ಆಗಸ್ಟ್ 28ರಂದು, ಆಹಾರ ಮುಗಿಯುತ್ತಿದ್ದಾಗ, ಮುಂದಿನ ಭೀಕರ ಸೆಳವನ್ನು ಕಂಡು ಮೂವರು ಕಮರಿ ಹತ್ತಿ ಹೋದರು, ಜೀವಂತವಾಗಿ ಮರಳಲಿಲ್ಲ. ಉಳಿದ ಆರು ಮಂದಿ ಆಗಸ್ಟ್ 30ರಂದು ವರ್ಜಿನ್ ನದಿಯ ಸಂಗಮ ತಲುಪಿದರು. ಎರಡೇ ದಿನ ಬಾಕಿಯಿತ್ತೆಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಅಂದು ಅವರಿಗೆ ತಿಳಿದಿದ್ದಷ್ಟನ್ನೇ ಕಪ್ಪುಹಲಗೆಯ ಮೇಲೆ ಬರೆದು, ನಂತರ ತೀರ್ಮಾನ ಕೇಳಿ. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು: ಪಾವೆಲ್ ಅವರ 1875ರ ವರದಿಯಲ್ಲಿ 1871–72ರ ಎರಡನೇ ಯಾನದ ಘಟನೆಗಳೂ ಮೊದಲ ಯಾನದ್ದೆಂಬಂತೆ ಬೆರೆತಿವೆ, ಎರಡನೇ ತಂಡದವರ ಹೆಸರುಗಳು ಅಲ್ಲಿಲ್ಲ. ಇದನ್ನು ಹೇಳಿದರೆ ಪಾವೆಲ್ ಸಣ್ಣವರಾಗುವುದಿಲ್ಲ. ಆಧಾರವನ್ನು ತೂಗಿ ನೋಡಬೇಕೆಂಬುದನ್ನು ಮಕ್ಕಳು ಕಲಿಯುತ್ತಾರೆ.

ಮೌಲ್ಯಮಾಪನದಲ್ಲಿ "ಪಾವೆಲ್ ಯಾವಾಗ ಹುಟ್ಟಿದರು?" ಎಂಬ ಪ್ರಶ್ನೆ ಬೇಡ. "ನೂಲು ಎಳೆಯುವುದಕ್ಕಿಂತ ಬೇಗ ಮಣ್ಣನ್ನು ಎತ್ತಿದ್ದರೆ ಏನಾಗುತ್ತಿತ್ತು?" ಎಂದು ಕೇಳಿ. ಮಗು ನದಿಯ ದಾರಿ ತಪ್ಪುವುದನ್ನು ಊಹಿಸಿ ಹೇಳಿತೆಂದರೆ ಪಾಠದ ಉದ್ದೇಶ ಈಡೇರಿದಂತೆ.